ರೂಡಿ ಹುಡಾಕನ ಕೆಂಪು ಚುಕ್ಕೆ

ಜಿಂಕೆ ಬೇಟೆ ಶುರುವಾಗುವುದಕ್ಕೆ ಸ್ವಲ್ಪ ಮೊದಲು ರೂಡಿ ಹುಡಾಕ್ ತನ್ನ ಹಳೆಯ ಪಿಸ್ತೂಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಕ್ಲೈಡ್‌ನ ಬಂದೂಕಿನಂಗಡಿಗೆ ಬಂದ. ಒಳಗಿದ್ದ ಗಿರಾಕಿಗಳು ಹೊರಡುವ ತನಕ ಗೋಡೆಗೆ ತೂಗುಹಾಕಿದ್ದ ಟೋಪಿಗಳನ್ನು ನೋಡುತ್ತಾ ನಿಂತಿದ್ದ. ಅವನಿಗೆ ಟೋಪಿ ಬೇಕಾಗಿರಲಿಲ್ಲ ಎಂದು ಕ್ಲೈಡ್‌ಗೆ ಗೊತ್ತಿತ್ತು.

"ನಳಿಗೆ ತುದಿಯ ಗುರಿಮೊಳೆ ಕಣ್ಣಿಗೆ ಮಸುಕಾಗ್ತಿದೆ ಕಣೋ," ಅಂದ ರೂಡಿ, ಕೊನೆಗೂ. "ಒಳಗಿಂದ ನೋಡಿದ್ರೆ ಗುರಿ ಮೇಲೆ ಕೆಂಪು ಚುಕ್ಕೆ ಕಾಣುತ್ತಲ್ಲ, ಆ ಗುರಿಗಾಜು. ನನ್ನದಕ್ಕೆ ಒಪ್ಪೋದೊಂದು ನೋಡಿ ಹಾಕ್ಕೊಡು."

"ಯಾರಪ್ಪಾ ನೀನು? ಅದೆಲ್ಲ ಮಕ್ಕಳಾಟದ ಸಾಮಾನು ಅಂತಿದ್ನಲ್ಲ ನಮ್ಮ ರೂಡಿ, ಅವನೆಲ್ಲಿ?"

"ಸತ್ತ. ಮಣ್ಣು ಮಾಡಿ ಬಂದೆ. ನೀನು ಗಾಜು ತೋರ್ಸು."

ಇಬ್ಬರೂ ನಕ್ಕರು. ಪೆನ್ಸಿಲ್ವೇನಿಯಾದ ಆ ಹೊಳೆದಂಡೆಯ ಊರಿನಲ್ಲಿ ಅವರಿಬ್ಬರೂ ಒಟ್ಟಿಗೇ ಬೆಳೆದವರು, ಒಟ್ಟಿಗೇ ಮುದುಕರಾದವರು. ರೂಡಿ ಗಾಜಿನ ಕಾರ್ಖಾನೆಯಲ್ಲಿ ಸೀಸೆಗಳ ಅಚ್ಚು ಕೊರೆಯುತ್ತಿದ್ದವನು. ಕಬ್ಬಿಣದಲ್ಲಿ ಕೂದಲೆಳೆಯಷ್ಟು ಏರುಪೇರಿದ್ದರೂ ಹೆಬ್ಬೆರಳು ಸವರಿ ಹೇಳಿಬಿಡುತ್ತಿದ್ದ. ಕಾರ್ಖಾನೆಗೆ ಬೀಗ ಬಿದ್ದ ದಿನ ಉಳಿದವರು ಗೇಟಿನ ಮುಂದೆ ಮಾಲೀಕರ ವಂಶವನ್ನೆಲ್ಲ ಜಾಲಾಡುತ್ತಿದ್ದರೆ, ಇವನು ಉಪಕರಣದ ಪೆಟ್ಟಿಗೆ ಎತ್ತಿಕೊಂಡು ಸೇತುವೆ ದಾಟಿ ಮನೆಗೆ ಹೋಗಿ ಅಡುಗೆಮನೆಯ ಸೋರುವ ನಲ್ಲಿ ಬಿಚ್ಚಿ ಕೂತಿದ್ದ. ಅಂಥ ಮನುಷ್ಯ. ಬಾಯಿ ಕಡಿಮೆ, ಕೈ ಜಾಸ್ತಿ.

ಚಳಿಗಾಲದ ಮಂಗಳವಾರಗಳಂದು ಬೇಟೆಗಾರರ ಕ್ಲಬ್ಬಿನ ನೆಲಮಾಳಿಗೆಯಲ್ಲಿ ಗುರಿ ಹೊಡೆಯುವ ಪಂದ್ಯ ನಡೆಯುತ್ತದೆ. ಒಂದೇ ಕೈಯಲ್ಲಿ ಪಿಸ್ತೂಲು ಚಾಚಿ ಹಿಡಿದು, ಇನ್ನೊಂದು ಕೈಯನ್ನು ಜೇಬಿಗಿಟ್ಟು, ಗೋಡೆಯ ಕಡೆಯ ಕಾಗದದ ಕಪ್ಪು ವೃತ್ತಕ್ಕೆ ಹೊಡೆಯಬೇಕು. ಅಲ್ಲಿ ರೂಡಿ ಕೈ ಚಾಚಿದನೆಂದರೆ ಅದು ಒಂದಿಷ್ಟೂ ಅಲುಗುತ್ತಿರಲಿಲ್ಲ. ಹೊಸಬರಿಗೆ ಅವನನ್ನು ತೋರಿಸಿ, ಹೀಗೆ ನಿಲ್ಲಬೇಕು ಅನ್ನುತ್ತಿದ್ದರು. ಅದೊಂದೇ ಅವನಿಗಿದ್ದ ಜಂಬ, ಅದನ್ನೂ ಅವನು ತೋರಿಸಿಕೊಂಡವನಲ್ಲ.

ಪಿಸ್ತೂಲಿಗೆ ಗುರಿಗಾಜು ಆರಿಸುವುದು ಹುಡುಗಾಟವಲ್ಲ. ಒಂದೊಂದು ಕಂಪನಿಯ ಗಾಜಿನ ತಳದಲ್ಲಿ ತೂತುಗಳ ಜಾಗ ಒಂದೊಂದು ತರಹ. ಗಾಜಿಗೂ ಪಿಸ್ತೂಲಿಗೂ ನಡುವೆ ಕೂರಿಸುವ ಪಟ್ಟಿ ಸರಿಯಾಗಿ ಹೊಂದಬೇಕು. ಸ್ಕ್ರೂ ಉದ್ದವಾದರೆ ಒಳಗೆ ಒತ್ತುತ್ತದೆ, ಗಿಡ್ಡವಾದರೆ ನಾಲ್ಕು ಗುಂಡಿಗೆ ಸಡಿಲಾಗುತ್ತದೆ. ರೂಡಿಯ ಪಿಸ್ತೂಲು ಇದೆಲ್ಲ ಹುಟ್ಟುವ ಮೊದಲಿನದು, ಅದರ ಮೇಲ್ಭಾಗದಲ್ಲಿ ತೂತೇ ಇರಲಿಲ್ಲ. ಕ್ಲೈಡ್ ಅಳತೆ ಹಿಡಿದು, ಕಿಟಕಿಯಂಥ ಪುಟ್ಟ ಗಾಜೊಂದನ್ನು ಆರಿಸಿದ. ತೂತನ್ನು ಮಾತ್ರ ತಾನೇ ಕೊರೆಯುವುದಾಗಿ ರೂಡಿ ಹಟ ಹಿಡಿದ. ಅವನ ಕೆಲಸದ ಮುಂದೆ ತನ್ನದೇನು ಎಂದು ಕ್ಲೈಡ್ ಯಂತ್ರ ಬಿಟ್ಟುಕೊಟ್ಟ.

ಬೈರಿಗೆಯ ಮೊನೆ ಗುರುತಿನ ಮೇಲೆ ಕೂರುವ ಮೊದಲೇ ಜಾರಿ ಉಕ್ಕಿನ ಮೇಲೆ ಗೀರು ಎಳೆಯಿತು.

"ನಿನ್ನ ಮೊನೆ ಮೊಂಡಾಗಿದೆ," ಅಂದ ರೂಡಿ.

ಅದನ್ನು ಕ್ಲೈಡ್ ಆವತ್ತೇ ಪೊಟ್ಟಣದಿಂದ ತೆಗೆದಿದ್ದ. ಪಿಸ್ತೂಲು ಹಿಡಿದಿದ್ದ ರೂಡಿಯ ಬಲಗೈ ಗಾಳಿಗೆ ಸಿಕ್ಕ ಎಲೆಯ ಹಾಗೆ ಸಣ್ಣಗೆ ಅದುರುತ್ತಿತ್ತು. ಕ್ಲೈಡ್ ಅದನ್ನು ನೋಡಿದ. ನೋಡಿ, "ಹೌದು, ಮೊಂಡಾಗಿದೆ," ಅಂದ. ತೂತುಗಳನ್ನೆಲ್ಲ ತಾನೇ ಕೊರೆದ.

ಕಬ್ಬಿಣದ ಗುರಿಮೊಳೆಯಲ್ಲಿ ಒಂದು ಕರುಣೆ ಇದೆ, ಅದು ಹೊಡೆಯುವವನ ಗುಟ್ಟನ್ನು ಅರ್ಧಕ್ಕರ್ಧ ಮುಚ್ಚಿಡುತ್ತದೆ. ಕೆಂಪು ಚುಕ್ಕೆಗೆ ಆ ದಾಕ್ಷಿಣ್ಯ ಇಲ್ಲ. ಕೈ ಎಷ್ಟು ಅಲುಗಿತೋ ಅಷ್ಟನ್ನೂ ಕಣ್ಣಿನ ಮುಂದೆ ಕುಣಿಸಿ ತೋರಿಸುತ್ತದೆ. ಎಲ್ಲರ ಚುಕ್ಕೆಯೂ ಒಂದಿಷ್ಟು ತೇಲಾಡುತ್ತದೆ, ಅದನ್ನು ಸಹಿಸಿಕೊಂಡು ಪಿಸ್ತೂಲಿನ ಕುದುರೆ ಒತ್ತುವುದೇ ಆ ಆಟ. ಆದರೆ ರೂಡಿಯ ಚುಕ್ಕೆ ತೇಲುತ್ತಿರಲಿಲ್ಲ. ಕಪ್ಪು ವೃತ್ತದ ಆಚೆಗೂ ಈಚೆಗೂ ಹಾರುತ್ತಿತ್ತು.

ಆ ಪಂದ್ಯದಲ್ಲೊಂದು ಪದ್ಧತಿ. ಹೊಡೆಯುವಾಗ ಆಯುಧವೇ ಕೈಕೊಟ್ಟರೆ ಬಿಡುವಿದ್ದ ಕೈಯನ್ನು ಎತ್ತಬೇಕು. ತೀರ್ಪುಗಾರ ಬಂದು ನೋಡಿ, ತಪ್ಪು ಆಯುಧದ್ದು ಅಂದರೆ ಆ ಸುತ್ತನ್ನು ಮತ್ತೆ ಹೊಡೆಯಲು ಬಿಡುತ್ತಾನೆ. ತಪ್ಪು ಮನುಷ್ಯನದ್ದಾದರೆ ಇಲ್ಲ. ಒಂದು ಮಂಗಳವಾರ ರೂಡಿ ಎಡಗೈ ಎತ್ತಿದ. ತೀರ್ಪುಗಾರ ಕ್ಲೈಡೇ.

"ಚುಕ್ಕೆ ನಿಲ್ತಿಲ್ಲ. ಒಳಗೇನೋ ಸಡಿಲ ಆಗಿದೆ."

ಕ್ಲೈಡ್ ಪಿಸ್ತೂಲು ತೆಗೆದುಕೊಂಡು, ಗಾಜನ್ನು ಬೆರಳಿನಿಂದ ಅಲುಗಾಡಿಸಿ ನೋಡಿದ. ಬಂಡೆಯ ಹಾಗೆ ಕೂತಿತ್ತು. ಸಾಲಿನಲ್ಲಿದ್ದವರೆಲ್ಲ ಕಾಯುತ್ತಿದ್ದರು. "ಆಯುಧದ ತಪ್ಪು," ಎಂದು ಕೂಗಿ ಹೇಳಿದ. ರೂಡಿ ಮತ್ತೆ ಹೊಡೆದ. ಎರಡನೆಯ ಕಾಗದ ಮೊದಲನೆಯದಕ್ಕಿಂತ ಕೆಟ್ಟದಾಗಿತ್ತು.

ಆಮೇಲೆ ಶುರುವಾಯಿತು ಗಾಜು ಬದಲಾಯಿಸುವ ಕತೆ. ಈ ಪಟ್ಟಿಗೆ ಆ ಗಾಜು ಒಗ್ಗಿಲ್ಲ ಎಂದು ಕ್ಲೈಡ್ ಕೊಳವೆಯಂಥ ಉದ್ದನೆಯದನ್ನು ಕೂರಿಸಿದ. ತೂಕ ಜಾಸ್ತಿ ಇದ್ದರೆ ಕೈ ನಿಲ್ಲಬಹುದು ಎಂಬುದು ಅವನ ಲೆಕ್ಕಾಚಾರ. ನಿಲ್ಲಲಿಲ್ಲ. ದಪ್ಪ ಚುಕ್ಕೆಯದನ್ನು ಹಾಕಿದ, ದಪ್ಪ ಚುಕ್ಕೆಯ ಅಲುಗಾಟ ಕಣ್ಣಿಗೆ ಕಡಿಮೆ ಕಾಣುತ್ತದೆ ಎಂದು. ಅದರ ಬೆಳಕನ್ನೂ ಇಳಿಸಿದ. ಬರಬರುತ್ತಾ ಅವನು ಪಿಸ್ತೂಲಿಗೆ ಒಪ್ಪುವ ಗಾಜನ್ನು ಹುಡುಕುವುದು ಬಿಟ್ಟು, ಸುಳ್ಳು ಹೇಳಬಲ್ಲ ಗಾಜನ್ನು ಹುಡುಕುತ್ತಿದ್ದ. ಅಂಥದ್ದನ್ನು ಯಾವ ಕಂಪನಿಯೂ ಮಾಡಿರಲಿಲ್ಲ.

"ನಾವು ಹೆಂಡ್ತೀರನ್ನ ಬದಲಾಯಿಸಿದ್ದಕ್ಕಿಂತ ಬೇಗ ಗಾಜು ಬದಲಾಯಿಸ್ತಾನಲ್ಲೋ ಇವ್ನು!" ಎಂದು ಕ್ಲಬ್ಬಿನಲ್ಲಿ ಯಾರೋ ಅಂದರು. ಎಲ್ಲರೂ ನಕ್ಕರು. ರೂಡಿಯೂ ನಕ್ಕ. ಆಮೇಲೆ ಕಾಫಿ ಲೋಟಕ್ಕೆ ಕೈ ಹಾಕಿದವನು ಅದನ್ನು ಎತ್ತದೆ ಹಾಗೇ ಬಿಟ್ಟ. ಪ್ರತಿಯೊಬ್ಬರಿಗೂ ಆ ಹೊತ್ತಿಗೆ ಚಾವಣಿಯಲ್ಲೋ ನೆಲದ ಮೇಲೋ ನೋಡುವಂಥದ್ದೇನೋ ಸಿಕ್ಕಿತು. ಗಂಡಸರು ಇದನ್ನು ಮರ್ಯಾದೆ ಅನ್ನುತ್ತಾರೆ. ನನ್ನನ್ನು ಕೇಳಿದರೆ ಅದು ಹೇಡಿತನ.

ಹಿಮ ಕರಗತೊಡಗಿದಾಗ ಒಂದು ಬೆಳಿಗ್ಗೆ ರೂಡಿಯ ಹೆಂಡತಿ ಡೋರೀನ್ ಅಂಗಡಿಗೆ ಬಂದಳು. ಶಾಲೆಯ ಅಡುಗೆಮನೆಯಲ್ಲಿ ದುಡಿದು ದುಡಿದು ಗಟ್ಟಿ ದನಿ ಮಾಡಿಕೊಂಡವಳು. ಎಲೆಕೋಸು, ಶಾವಿಗೆ ಹುರಿದು ಹಾಕಿದ್ದ ಡಬ್ಬಿಯೊಂದನ್ನು ಗಲ್ಲಾ ಮೇಜಿನ ಮೇಲೆ ಕುಕ್ಕಿದಳು.

"ಇನ್ನೆಷ್ಟು ಗಾಜು ಕೊಡ್ತೀಯ ನನ್ನ ಗಂಡನಿಗೆ?"

"ಕೊಟ್ಟಿದ್ದೆಲ್ಲ ವಾಪಸ್ ತಗೊಂಡಿದ್ದೀನಿ ಡೋರೀನ್. ನಷ್ಟ ಏನಿದ್ರೂ ನಂದು."

"ನಿನ್ನ ನಷ್ಟ ಯಾರಿಗೆ ಬೇಕು! ಸೂಪು ಬಾಯಿಗೆ ಹೋಗೋಷ್ಟ್ರಲ್ಲಿ ಅರ್ಧ ಮೇಜಿನ ಮೇಲಿರುತ್ತೆ. ಗಡ್ಡ ಹೆರ್ಕೊಳಕ್ಕೆ ಹೋಗಿ ಕೆನ್ನೆ ಕೊಯ್ಕೊಂಡ. ಡಾಕ್ಟ್ರ ಹತ್ರ ಹೋಗೋಣ ಬಾ ಅಂದ್ರೆ, ಕ್ಲೈಡ್ ಸರಿಯಾದ ಗಾಜು ಹುಡುಕ್ತಿದ್ದಾನೆ, ಆಮೇಲೆ ನೋಡೋಣ ಅಂತಾನೆ. ನೀನು ಹುಡುಕ್ತಾನೇ ಇರು. ಅವನು ಕಾಯ್ತಾನೇ ಇರ್ಲಿ."

"ನೀನೇ ಒಂದ್ಮಾತು..."

"ನಾನು ಹೇಳಿದ್ರೆ ಹೆಂಡ್ತಿ ಗೊಣಗಾಟ. ನೀನು ಹೇಳಿದ್ರೆ ಮಾತು. ಹೇಳ್ತೀಯೋ ಇಲ್ವೋ?" ಅಂದವಳ ದನಿ ಅಲ್ಲಿಗೆ ಒಡೆಯಿತು. ಡಬ್ಬಿ ಅಲ್ಲೇ ಬಿಟ್ಟು ಹೊರಟುಹೋದಳು. ಕ್ಲೈಡ್‌ಗೆ ಆವತ್ತು ಅದರ ಮುಚ್ಚಳ ತೆಗೆಯಲೂ ಮನಸ್ಸಾಗಲಿಲ್ಲ.

ಮಾರನೆಯ ದಿನ ರೂಡಿ ದಪ್ಪ ಚುಕ್ಕೆಯ ಗಾಜನ್ನು ಹಿಂದಿರುಗಿಸಲು ಬಂದ. "ಇದೂ ಆಗ್ಲಿಲ್ಲ ಕಣೋ," ಅಂದ.

ಕ್ಲೈಡ್ ಹೊಸ ಗಾಜಿನ ಡಬ್ಬಿ ತೆಗೆಯಲಿಲ್ಲ. ಪಿಸ್ತೂಲು ಇಸಿದುಕೊಂಡು, ಗುಂಡಿಲ್ಲವೆಂದು ಎರಡು ಸಲ ನೋಡಿ, ಕೆಲಸದ ಮೇಜಿಗೆ ಕೂರಿಸಿದ್ದ ಕಬ್ಬಿಣದ ಇಕ್ಕಳಕ್ಕೆ ಚರ್ಮ ಸುತ್ತಿ, ಅದರ ನಡುವೆ ಬಿಗಿದ. ಚುಕ್ಕೆ ಹೊತ್ತಿಸಿದ. "ನೋಡು," ಅಂದ, ಅಷ್ಟೆ.

ರೂಡಿ ಬಗ್ಗಿ ಗಾಜಿನೊಳಗಿಂದ ನೋಡಿದ. ಎದುರು ಗೋಡೆಯ ಮೊಳೆಯೊಂದರ ತಲೆಯ ಮೇಲೆ ಕೆಂಪು ಚುಕ್ಕೆ ಹಚ್ಚಿಟ್ಟ ಹಾಗೆ ನಿಂತಿತ್ತು. ಅವನು ಬಹಳ ಹೊತ್ತು ನೋಡಿದ. ಒಮ್ಮೆ ಕಣ್ಣುಜ್ಜಿಕೊಂಡು ಮತ್ತೆ ನೋಡಿದ.

"ಗಾಜು ಚೆನ್ನಾಗಿದೆ," ಅಂದ.

"ಹೂಂ."

"ಕೊಟ್ಟಿದ್ದೆಲ್ಲಾನೂ ಚೆನ್ನಾಗಿದ್ವಾ?"

"ಎಲ್ಲಾನೂ."

"ಬೈರಿಗೆ ಮೊನೆ?"

"ಅದೂ ಹೊಸದೇ ಆಗಿತ್ತು ರೂಡಿ."

ಬೈಗುಳಕ್ಕೆ ಕ್ಲೈಡ್ ತಯಾರಾಗಿದ್ದ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಆದರೆ ರೂಡಿ ಸ್ಟೂಲು ಎಳೆದುಕೊಂಡು ಮೆಲ್ಲಗೆ ಕೂತ.

"ನಮ್ಮಪ್ಪ ಕೊನೇ ವರ್ಷಗಳಲ್ಲಿ ಯಾಕೆ ಮನೆಯಿಂದ ಹೊರಗೇ ಬರ್ತಿರ್ಲಿಲ್ಲ ಗೊತ್ತೇನೋ ನಿನಗೆ? ಇದೇ. ಬಲಗೈಯಿಂದಾನೇ ಶುರುವಾಗಿದ್ದು. ಚಮಚ ಹಿಡಿದು ತಿನ್ನಿಸ್ತಿದ್ದೋನು ನಾನು. ನನ್ನ ಕೈ ಅಲುಗಿದ ಮೊದಲನೇ ದಿನಾನೇ ಗೊತ್ತಾಯ್ತು ನನಗೆ."

"ಗೊತ್ತಿದ್ದೂ ಮತ್ಯಾಕೋ ಇಷ್ಟೊಂದು ಗಾಜು..."

"ನನ್ನ ಬಾಯಲ್ಲಿ ಅದು ಬರ್ತಿರ್ಲಿಲ್ಲ ಕಣೋ. ಪ್ರತಿ ಸಲ ಒಂದು ಗಾಜು ಹಿಡ್ಕೊಂಡು ಬರೋವಾಗ್ಲೂ, ಇವತ್ತು ಕ್ಲೈಡೇ ಹೇಳ್ತಾನೆ ಅಂದ್ಕೊಂಡು ಬರ್ತಿದ್ದೆ. ನೀನು ಇನ್ನೊಂದು ಡಬ್ಬಿ ತೆಗೀತಿದ್ದೆ."

"ನಿನಗೆ ನೋವಾಗುತ್ತೆ ಅಂತ, ರೂಡಿ."

"ನೋವು ಹೇಗೂ ಆಗ್ತಿತ್ತು." ಅವನ ಕಣ್ಣು ತುಂಬಿತ್ತು, ಅದನ್ನವನು ಒರೆಸಿಕೊಳ್ಳಲೂ ಇಲ್ಲ. "ಇಡೀ ಚಳಿಗಾಲ ಇದರ ಜೊತೆ ನಾನೊಬ್ಬನೇ ಇದ್ದೆ ಕಣೋ."

ಕ್ಲೈಡ್ ಮೇಜು ಸುತ್ತಿ ಬಂದು, ಇಷ್ಟು ದಿನ ಕಂಡೂ ಕಾಣದವನಂತಿದ್ದ ಆ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡ. ಅಲ್ಲೂ ಅದು ನಡುಗುತ್ತಲೇ ಇತ್ತು.