ಪೀತಮ್‌ಪುರದಲ್ಲೊಂದು ಜಾರ್ಜಿಯಾ

ಎದುರು ಫ್ಲ್ಯಾಟಿನ ಬಾಲ್ಕನಿಯಲ್ಲಿ ಯಾರೋ ಮೆಂತ್ಯ ಸೊಪ್ಪು ಒಣಹಾಕಿದ್ದಾರೆ. ದೆಹಲಿಯ ಚಳಿಗಾಲದಲ್ಲಿ ಇದೇನೂ ವಿಶೇಷವಲ್ಲ. ಜನವರಿ ಬಂತೆಂದರೆ ತಳ್ಳುಗಾಡಿಗಳಲ್ಲಿ ಮೆಂತ್ಯದ ಹಸಿರು ಗುಡ್ಡ ನಿಂತಿರುತ್ತದೆ. ಗಾಡಿಯ ಭಯ್ಯಾ ನೀವು ಕೇಳಿದ್ದಕ್ಕಿಂತ ಒಂದು ಕಟ್ಟು ಹೆಚ್ಚಿಗೆ ಚೀಲಕ್ಕೆ ತುರುಕುತ್ತಾನೆ, ತಿಂದು ಮುಗಿಯದ್ದು ಹಳೆಯ ಪೇಪರಿನ ಮೇಲೆ ಬಿಸಿಲಿಗೆ ಬೀಳುತ್ತದೆ. ಉಳಿದವರಿಗೆ ಆ ಕಹಿಗಂಪಿನಿಂದ ಪರಾಠ ನೆನಪಾಗುತ್ತದಂತೆ. ನನಗೆ ನೆನಪಾಗುವುದು ಜಾರ್ಜಿಯಾ ದೇಶ. ನಗಬೇಡಿ, ಅಮೆರಿಕದೊಳಗಿನ ಜಾರ್ಜಿಯಾ ಅಲ್ಲ. ರಷ್ಯಾದ ಬಗಲಿಗೆ ಅಂಟಿಕೊಂಡಿರುವ ಪುಟ್ಟ ದೇಶ.

ನಾನೀಗ ನೋಯ್ಡಾದ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಅಂತರರಾಷ್ಟ್ರೀಯ ರಾಜಕೀಯ ಪಾಠ ಮಾಡುತ್ತೇನೆ. ಹಗೆ ಸಾಧಿಸುವ ದೊಡ್ಡ ದೇಶದ ಗಡಿಯಲ್ಲಿರುವ ಚಿಕ್ಕ ದೇಶವನ್ನು ಮಿಲಿಟರಿ ಕೂಟವೊಂದು ಸೇರಿಸಿಕೊಳ್ಳಬೇಕೆ ಬೇಡವೆ ಎನ್ನುವುದು ನಾಳೆಯ ಪಾಠ. ಪ್ರತಿ ವರ್ಷವೂ ಈ ಪಾಠ ಬರುತ್ತದೆ, ಪ್ರತಿ ವರ್ಷವೂ ಹಿಂದಿನ ಬೆಂಚಿನಿಂದ ಯಾರಾದರೂ ಮೇಡಂ ನಿಮ್ಮ ಅಭಿಪ್ರಾಯವೇನು ಅಂತ ಕೇಳುತ್ತಾರೆ. ಎರಡೂ ಕಡೆಗೆ ಬಲವಾದ ವಾದಗಳಿವೆ ಎಂದು ಹೇಳಿ ನಾನು ಕನ್ನಡಕ ಒರೆಸಿಕೊಳ್ಳುತ್ತೇನೆ. ಒರೆಸಿ ಒರೆಸಿ ಗಾಜು ಸವೆದಿದೆ.

ಪಿಎಚ್‌ಡಿ ಮಾಡುತ್ತಿದ್ದಾಗ ನಾನು ಪೀತಮ್‌ಪುರದಲ್ಲಿ ಸರೋಜತ್ತೆಯ ಮನೆಯಲ್ಲಿದ್ದೆ. ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ನಮ್ಮ ಅಜ್ಜ ಕುಂದಾಪುರದ ಕಡೆಯಿಂದ ಬಂದು ಕಿದ್ವಾಯಿ ನಗರದ ಹತ್ತಿರ ಒಂದು ಸಣ್ಣ ಹೋಟೆಲು ಇಟ್ಟಿದ್ದರು. ಧಾರವಾಡದಿಂದ ಸರ್ಕಾರಿ ನೌಕರಿಗೆ ಬಂದು ಅಲ್ಲಿಯ ಕ್ವಾರ್ಟರ್ಸಿನಲ್ಲಿ ಒಬ್ಬಂಟಿಯಾಗಿದ್ದ ನಮ್ಮ ಮಾವ ದಿನಾ ಅಲ್ಲಿ ಊಟಕ್ಕೆ ಬರುತ್ತಿದ್ದರು. ಹೋಟೆಲಿನ ಸಾಂಬಾರಿಗೆ ಬೆಲ್ಲ ಹೆಚ್ಚಾಯಿತೆಂದು ಮಾವ ದೂರಿದ್ದೂ, ಗಲ್ಲಾದಲ್ಲಿ ಕೂತಿದ್ದ ಅತ್ತೆ ಹಾಗಾದರೆ ಬೇರೆ ಕಡೆ ಹೋಗಿ ಅಂದದ್ದೂ ಅವರ ಪ್ರೇಮಕಥೆಯ ಆರಂಭ. ಮದುವೆಯ ನಂತರವೂ ಆ ಸಂಭಾಷಣೆ ಸರಿಸುಮಾರು ಅದೇ ಧಾಟಿಯಲ್ಲಿ ಮುಂದುವರಿದಿತ್ತು.

ಮಹಡಿಯ ಮೇಲಿನ ಕೋಣೆಗೆ ಬಾಡಿಗೆಗೆ ಬಂದವಳು ಜಾರ್ಜಿಯಾದ ಹುಡುಗಿ, ದೆಹಲಿಯಲ್ಲಿ ಹಿಂದಿ ಎಂ.ಎ. ಓದುತ್ತಿದ್ದಳು. ಹೆಸರು ನೀನೋ. ಕನ್ನಡದ ಮನೆಗೆ ಈ ಹೆಸರು ಎಂಥ ಸಂಕಟ ತಂದಿತೆಂದು ನೀವೇ ಊಹಿಸಿ. ಮೊದಲ ದಿನ ಬಾಗಿಲು ತಟ್ಟಿದಾಗ ಮಾವ ಒಳಗಿನಿಂದಲೇ ಯಾರು ಅಂದರು. ಅವಳು ನೀನೋ ಅಂದಳು. ನಾನಲ್ಲವಾ, ನಾ ಒಳಗದೀನಿ, ನೀ ಯಾರು ಅಂದರು ಮಾವ. ಅವಳು ಮತ್ತೆ ನೀನೋ ಅಂದಳು. ಅತ್ತೆ ಹೋಗಿ ಬಾಗಿಲು ತೆಗೆಯದಿದ್ದರೆ ಇಬ್ಬರೂ ಸಂಜೆಯವರೆಗೆ ಅಲ್ಲೇ ಇರುತ್ತಿದ್ದರೋ ಏನೋ.

ಅವಳ ಹಿಂದಿ ನಮ್ಮೆಲ್ಲರ ಹಿಂದಿಗಿಂತ ಶುದ್ಧವಾಗಿತ್ತು. ಆಟೋದವನ ಹತ್ತಿರ ಅವಳು ಕೃಪಯಾ ಅನ್ನುತ್ತಿದ್ದಳು, ಅವನು ಗಾಬರಿಯಾಗಿ ಮೀಟರು ಹಾಕುತ್ತಿದ್ದ. ಮೆಂತ್ಯ ಸೊಪ್ಪನ್ನು ಒಣಗಿಸಿ ಅಕ್ರೋಟಿನ ಜೊತೆ ಅರೆದು ಅವಳೊಂದು ಗೊಜ್ಜು ಮಾಡುತ್ತಿದ್ದಳು. ಅವರ ಕಡೆ ಇಂಥದೇ ಕಂಪಿನ ಬೇರೊಂದು ಸೊಪ್ಪು ಇದೆಯಂತೆ; ಅದಿಲ್ಲದ ಊರಿನಲ್ಲಿ ಮೆಂತ್ಯಕ್ಕೆ ಹೊಂದಿಕೊಂಡಿದ್ದಳು. ಬಿಸಿಬೇಳೆಭಾತಿನ ಜೊತೆ ಆ ಗೊಜ್ಜು ಚೆನ್ನಾಗಿ ಹೋಗುತ್ತದೆ ಎಂದು ಮೊದಲು ಕಂಡುಹಿಡಿದವರು ಮಾವ. ಈಗಲೂ ಅದನ್ನು ಹೇಳಿಕೊಳ್ಳುತ್ತಾರೆ.

ಹೀಗಿರುವಾಗ ಯುಕ್ರೇನಿನಲ್ಲಿ ಯುದ್ಧ ಶುರುವಾಯಿತು. ಟೀವಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಟ್ಯಾಂಕುಗಳು. ಅಮೆರಿಕ, ಯುರೋಪುಗಳ ಮಿಲಿಟರಿ ಕೂಟದ ವಿಷಯ ನಮ್ಮ ಊಟದ ಮೇಜಿಗೂ ಬಂತು. ಒಬ್ಬರ ಮೇಲೆ ಕೈ ಮಾಡಿದರೆ ಎಲ್ಲರ ಮೇಲೆ ಮಾಡಿದ ಹಾಗೆ ಎನ್ನುವುದು ಆ ಕೂಟದ ಕರಾರು. ಯುಕ್ರೇನಿನಂಥ, ಜಾರ್ಜಿಯಾದಂಥ ದೇಶಗಳನ್ನು ಅದಕ್ಕೆ ಸೇರಿಸಿಕೊಳ್ಳಬಾರದು ಎನ್ನುವುದು ಮಾವನ ಪಕ್ಷ. ದೊಡ್ಡವನ ಕಾಂಪೌಂಡಿಗೆ ತಾಗಿಕೊಂಡು ಅವನಿಗಾಗದವರನ್ನು ತಂದು ಕೂರಿಸಿದರೆ ಅವನು ಸುಮ್ಮನಿರುತ್ತಾನೆಯೇ, ನಡುವೆ ಒಂದಿಷ್ಟು ಖಾಲಿ ಜಾಗ ಬಿಟ್ಟಿರಬೇಕು ಎಂದು ಅವರು ಚಪಾತಿಗಳ ನಡುವೆ ಜಾಗ ಬಿಟ್ಟು ತೋರಿಸಿದರು. ಆ ಖಾಲಿ ಜಾಗದಲ್ಲಿ ಜನ ಇದ್ದಾರೆ ಅಂದರು ಅತ್ತೆ.

ಅತ್ತೆಗೆ ಈ ವಿಷಯದಲ್ಲಿ ಸ್ವಂತ ಅನುಭವವಿತ್ತು. ಅಜ್ಜನ ಹೋಟೆಲಿನ ಪಕ್ಕದ ಫರ್ನಿಚರ್ ಅಂಗಡಿಯವನು ಬಲಿಷ್ಠ ಆಸಾಮಿ. ದಿನಕ್ಕೊಂದು ಅಂಗುಲದಂತೆ ತನ್ನ ಸೋಫಾ, ಮಂಚಗಳನ್ನು ಹೋಟೆಲಿನ ಮುಂದಕ್ಕೆ ಸರಿಸುತ್ತ ಬಂದನಂತೆ. ಅಜ್ಜ ಮಾರ್ಕೆಟ್ಟಿನ ವ್ಯಾಪಾರಿಗಳ ಸಂಘಕ್ಕೆ ಹೋಗಿ ನನ್ನನ್ನೂ ಸೇರಿಸಿಕೊಳ್ಳಿ ಎಂದು ಕೇಳಿದರು. ಖಂಡಿತ ಸೇರಿಸಿಕೊಳ್ಳುತ್ತೇವೆ, ಆದರೆ ಮೊದಲು ನಿಮ್ಮಿಬ್ಬರ ಜಗಳ ಬಗೆಹರಿಸಿಕೊಂಡು ಬನ್ನಿ ಅಂದರು ಸಂಘದವರು. ಅದು ಪಕ್ಕದವನ ಕಿವಿಗೂ ಬಿತ್ತು. ಜಗಳ ಇರುವವರೆಗೆ ಈ ಮುದುಕನ ನೆರವಿಗೆ ಯಾರೂ ಬರುವುದಿಲ್ಲ ಎಂದು ಗೊತ್ತಾದ ಮೇಲೆ ಅವನು ಜಗಳ ಮುಗಿಯಲು ಬಿಡುತ್ತಾನೆಯೇ? ಕೊನೆಗೆ ಗಿರಾಕಿಗಳು ಮಂಚ ದಾಟಿ ಇಡ್ಲಿಗೆ ಬರಬೇಕಾಯಿತು. ಅಜ್ಜ ಹೋಟೆಲು ಎತ್ತಿಕೊಂಡು, ಆಗಿನ್ನೂ ಅರ್ಧ ಬಯಲಾಗಿದ್ದ ರೋಹಿಣಿಗೆ ಹೋದರು.

ಈ ಕಥೆಯಲ್ಲಿ ಇನ್ನೊಂದು ಮುಳ್ಳಿತ್ತು. ಸುಮ್ಮನಿರಿ, ಅವನನ್ನು ಕೆಣಕಬೇಡಿ, ತಾನಾಗಿ ತಣ್ಣಗಾಗುತ್ತಾನೆ ಎಂದು ಅಜ್ಜನಿಗೆ ಆಗ ಬುದ್ಧಿ ಹೇಳಿದ್ದು ನಮ್ಮ ಮಾವನೇ.

"ನಿಮ್ಮ ಮಾತು ಕೇಳಿಯೇ ಅಪ್ಪ ಸುಮ್ಮನಿದ್ದದ್ದು," ಅಂದರು ಅತ್ತೆ, ಬೇಳೆ ಬಡಿಸುತ್ತ.

ಸಂಘ ಸೇರಿಸಿಕೊಂಡಿದ್ದರೆ ಇಡೀ ಮಾರ್ಕೆಟ್ಟಿನಲ್ಲಿ ಹೊಡೆದಾಟವಾಗುತ್ತಿತ್ತು, ನಾನು ನಾಲ್ಕು ತಲೆ ಉಳಿಸಿದೆ ಅಂದರು ಮಾವ. ನಾಲ್ಕು ತಲೆ ಉಳಿಯಿತು, ಒಂದು ಹೋಟೆಲು ಹೋಯಿತು ಅಂದರು ಅತ್ತೆ. ಇಬ್ಬರೂ ನನ್ನ ಕಡೆ ತಿರುಗಿದರು. ಇದೇ ವಿಷಯದ ಮೇಲೆ ವರ್ಷಗಟ್ಟಲೆ ಪುಸ್ತಕ ತಿರುವಿ ಹಾಕುತ್ತಿದ್ದವಳು ನಾನು. ಎರಡೂ ಕಡೆಗೆ ಬಲವಾದ ವಾದಗಳಿವೆ ಅಂದೆ. ಅತ್ತೆ ನನ್ನನ್ನು ಬಹಳ ಹೊತ್ತು ನೋಡಿ, ಇದನ್ನು ಹೇಳಲಿಕ್ಕೆ ಸ್ಕಾಲರ್‌ಶಿಪ್ ಬೇರೆ ಕೊಡುತ್ತಾರಾ ಅಂದರು.

ಆ ವಾರವೆಲ್ಲ ಮನೆಯಲ್ಲಿ ಬಿಗುವು. ಮಾವ ತಮ್ಮ ಚಹಾ ತಾವೇ ಮಾಡಿಕೊಂಡರು; ಅದು ತಮ್ಮ ಹೊಟ್ಟೆಗೆ ತಾವೇ ವಿಧಿಸಿಕೊಂಡ ದಿಗ್ಬಂಧನ. ಉಪ್ಪಿನ ಡಬ್ಬಿ ಎಲ್ಲಿದೆ ಅಂತ ನನ್ನ ಮೂಲಕ ವಿಚಾರಿಸಿದರು. ಈ ನಡುವೆ ನಮಗ್ಯಾರಿಗೂ ಹೊಳೆಯದೇ ಹೋದ ಒಂದು ಸಂಗತಿಯಿತ್ತು. ನೀನೋ ಅದೇ ಮೇಜಿನಲ್ಲಿ ಕೂತು ಊಟ ಮಾಡುತ್ತಿದ್ದಳು. ನಾವು ಕನ್ನಡದಲ್ಲಿ ಅವಳ ದೇಶವನ್ನು ಸೇರಿಸುತ್ತಿದ್ದೆವು, ತೆಗೆಯುತ್ತಿದ್ದೆವು, ಉಪ್ಪಿನಕಾಯಿ ಬಡಿಸಿಕೊಳ್ಳುತ್ತಿದ್ದೆವು. ಅವಳ ಕಿವಿಗೆ ಜಾರ್ಜಿಯಾ, ರಷ್ಯಾ ಎನ್ನುವ ಎರಡು ಪದ ಮಾತ್ರ ಬೀಳುತ್ತಿದ್ದವು.

ಭಾನುವಾರದ ಅಡುಗೆ ನಾನು ಮಾಡುತ್ತೇನೆ ಎಂದು ಅವಳೇ ಹೇಳಿದಳು. ಅಕ್ರೋಟು ತುಂಬಿದ ಬದನೆಕಾಯಿ, ರಾಜ್ಮಾದ ಒಂದು ಪಲ್ಯ, ಚೀಸ್ ತುಂಬಿದ ರೊಟ್ಟಿ. ಅವರ ಕಡೆ ದೊಡ್ಡ ಊಟಕ್ಕೆ ಒಬ್ಬ ಯಜಮಾನ ಇರುತ್ತಾನಂತೆ; ಅವನು ಲೋಟ ಎತ್ತಿ ನಾಲ್ಕು ಮಾತಾಡಿದ ಮೇಲೆಯೇ ಉಳಿದವರು ಕುಡಿಯಬೇಕು. ಅಲ್ಲಿ ವೈನು, ನಮ್ಮಲ್ಲಿ ಮಜ್ಜಿಗೆ. ಯಜಮಾನ ಮಾವ. ಭಾಷಣ ಮಾಡಲು ಇಂಥ ಅಧಿಕೃತ ಅವಕಾಶ ನಿವೃತ್ತಿಯ ನಂತರ ಅವರಿಗೆ ಸಿಕ್ಕಿರಲಿಲ್ಲ. ಮೊದಲ ಲೋಟ ಶಾಂತಿಗೆ ಎಂದು ನೀನೋ ಹೇಳಿಕೊಟ್ಟಳು. ಮಾವ ಶಾಂತಿಯ ಬಗ್ಗೆ ಎಷ್ಟು ಮಾತಾಡಿದರೆಂದರೆ ರೊಟ್ಟಿ ಆರಿಹೋಯಿತು. ಅತ್ತೆ ಅವರ ಮಾತು ಮುಗಿಯುವ ಮೊದಲೇ ಮಜ್ಜಿಗೆ ಕುಡಿದುಬಿಟ್ಟರು.

ಆಮೇಲೆ ನೀನೋ ಹಿಂದಿಯಲ್ಲಿ ಕೇಳಿದಳು: "ಆಂಟಿ, ಈ ವಾರವೆಲ್ಲ ನೀವು ಜಗಳವಾಡಿದ್ದು ನನ್ನ ದೇಶದ ಬಗ್ಗೆ ಅಲ್ಲವಾ?"

ಅತ್ತೆ, ಮಾವ ಒಬ್ಬರನ್ನೊಬ್ಬರು ನೋಡಿಕೊಂಡರು. ಆ ವಾರದಲ್ಲಿ ಅವರಿಬ್ಬರೂ ಒಟ್ಟಿಗೆ ಮಾಡಿದ ಮೊದಲ ಕೆಲಸ ಅದು. ಹೌದು ಅಂದೆವು. ಎರಡೂ ಪಕ್ಷಗಳನ್ನು, ಅಜ್ಜನ ಹೋಟೆಲಿನ ಕಥೆಯ ಸಮೇತ, ನಾನು ಅವಳಿಗೆ ವಿವರಿಸಿದೆ. ವಿವರಿಸುವುದರಲ್ಲಿ ನಾನು ಗಟ್ಟಿಗಿತ್ತಿ.

ಅವಳು ನಿಧಾನವಾಗಿ ತನ್ನ ಮನೆಯ ವಿಷಯ ಹೇಳಿದಳು. ಅವಳ ಅಜ್ಜಿಯ ಹಳ್ಳಿ, 2008ರ ಯುದ್ಧದಲ್ಲಿ ರಷ್ಯಾದ ಸೈನ್ಯ ಬಂದು ಕೂತ ಜಾಗದ ಅಂಚಿನಲ್ಲಿದೆ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಅಜ್ಜಿಯ ತೋಟದ ನಡುವೆ ಮುಳ್ಳುತಂತಿ. ಅಕ್ರೋಟಿನ ಮರಗಳು ಆಚೆಗೆ ಹೋದವು; ಆಚೆ ಮಗ್ಗುಲಿನ ಮನೆಯಲ್ಲಿದ್ದ ಅಜ್ಜಿಯ ತಂಗಿಯೂ ಆಚೆಗೇ ಹೋದಳು. ಅಕ್ಕತಂಗಿಯರು ತಂತಿಯ ಎರಡು ಬದಿಗೆ ನಿಂತು ಮಾತಾಡುತ್ತಿದ್ದರು, ಆಮೇಲೆ ಅದಕ್ಕೂ ಬಿಡಲಿಲ್ಲ. ಕೂಟ ನಮ್ಮನ್ನು ಮೊದಲೇ ಸೇರಿಸಿಕೊಂಡಿದ್ದರೆ ಈ ತಂತಿ ಬರುತ್ತಿರಲಿಲ್ಲ ಅನ್ನುತ್ತಾಳಂತೆ ಅಮ್ಮ. ಮುಂದೆ ಎಂದಾದರೂ ಸೇರಿಸಿಕೊಳ್ಳುತ್ತೇವೆ ಎಂದು ಮಾತು ಕೊಟ್ಟು, ಆಮೇಲೆ ಬಾಗಿಲಲ್ಲೇ ನಿಲ್ಲಿಸಿದ್ದರಿಂದ ತಂತಿ ಬಂತು ಅನ್ನುತ್ತಾನಂತೆ ಅಪ್ಪ. ಅವರ ಮನೆಯಲ್ಲೂ ಈ ವಿಷಯಕ್ಕೆ ಊಟದ ಮೇಜಿನಲ್ಲಿ ಮಾತು ನಿಂತುಹೋಗುತ್ತಿತ್ತು.

ನಿನಗೆ ಏನನ್ನಿಸುತ್ತದೆ ಮಗಾ ಎಂದು ಅತ್ತೆ ಕೇಳಿದರು. ಅಮ್ಮನ ಮಾತು ಸರಿ ಅನ್ನಿಸುತ್ತದೆ ಅಂದಳು. ಆದರೆ ನನ್ನ ಅಣ್ಣ ಸೈನ್ಯದಲ್ಲಿದ್ದಾನೆ, ಹೊತ್ತಲ್ಲದ ಹೊತ್ತಿನಲ್ಲಿ ಮನೆಯಿಂದ ಫೋನು ಬಂದರೆ ಅದನ್ನು ಎತ್ತುವವರೆಗೆ ನಾನು ಅಂಕಲ್ ಪಕ್ಷ ಎಂದೂ ಸೇರಿಸಿದಳು.

ಅಷ್ಟಕ್ಕೇ ನಿಲ್ಲಿಸಿದ್ದರೆ ಸುಲಭವಿತ್ತು. ಅವಳ ಪರೀಕ್ಷೆ ಮುಗಿಯುತ್ತ ಬಂದಿತ್ತು. ಅಲ್ಲೇ ಇರು, ಈಗ ಬರಬೇಡ ಎನ್ನುತ್ತಿದ್ದಳು ಅಮ್ಮ. ವಾಪಸು ಬಾ, ಇಲ್ಲಿ ಏನೂ ಆಗುವುದಿಲ್ಲ ಎನ್ನುತ್ತಿದ್ದ ಅಪ್ಪ. ಅವಳು ಮಾವನ ಕಡೆ ತಿರುಗಿದಳು.

"ಅಂಕಲ್, ನಾವು ಕೂಟ ಸೇರದೆ ಸುಮ್ಮನಿದ್ದರೆ ಯಾರೂ ನಮ್ಮ ತಂಟೆಗೆ ಬರುವುದಿಲ್ಲ ಅನ್ನುತ್ತೀರಿ. ನಾವು ಇನ್ನೂ ಸೇರಿಲ್ಲ. ಹಾಗಾದರೆ ನಾನು ಮನೆಗೆ ಹೋಗಲಾ?"

ಮಾವ ಲೋಟ ಕೆಳಗಿಟ್ಟರು. ಸಚಿವಾಲಯದಲ್ಲಿ ಎಷ್ಟೋ ಕಡತಗಳ ಮೇಲೆ ಅಭಿಪ್ರಾಯ ಬರೆದ ಮನುಷ್ಯ. ಕೊನೆಗೆ ಹಿಂದಿ ಕೈಕೊಟ್ಟು, "ಹೋಗಬ್ಯಾಡವಾ," ಅಂದರು.

ಯಾರೂ ಅನುವಾದ ಮಾಡಲಿಲ್ಲ. ಅವಳಿಗೆ ಅರ್ಥವಾಗಿತ್ತು.

ಅತ್ತೆ ಗೆದ್ದೆನೆಂದು ಬೀಗುತ್ತಾರೆಂದು ನಾನು ಕಾದೆ. ಅವರು ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದರು. ನೀನೋ ಅವರನ್ನೂ ಬಿಡಲಿಲ್ಲ. ಆಂಟಿ, ಸಂಘದವರು ನಿಮ್ಮ ತಂದೆಯನ್ನು ಸೇರಿಸಿಕೊಂಡಿದ್ದರು ಅಂತಲೇ ಇಟ್ಟುಕೊಳ್ಳಿ, ಆ ದಿನ ಬಂದಾಗ ಉಳಿದ ಅಂಗಡಿಯವರು ನಿಜವಾಗಿ ಶಟರ್ ಎಳೆದು ನಿಮ್ಮ ಜೊತೆ ನಿಲ್ಲುತ್ತಿದ್ದರಾ ಎಂದು ಕೇಳಿದಳು.

"ಗೊತ್ತಿಲ್ಲ," ಅಂದರು ಅತ್ತೆ. "ನಿಲ್ಲುತ್ತಾರಾ ಅಂತ ನೋಡಲಿಕ್ಕೂ ನಮಗೆ ಸಿಗಲಿಲ್ಲ."

ಊಟ ಮುಗಿಯಿತು. ಅತ್ತೆ ಒಳಗೆ ಹೋಗಿ ಚಹಾ ಮಾಡಿದರು. ಮಾವನ ಮುಂದೆ ಕಪ್ಪು ಇಟ್ಟರು. ಸಕ್ಕರೆ ಡಾಕ್ಟರು ಹೇಳಿದ್ದಕ್ಕಿಂತ ಹೆಚ್ಚು ಹಾಕಿದ್ದರು. ಮಾವ ಕುಡಿದರು. ಕಪ್ಪನ್ನು ತಾವೇ ತೊಳೆದಿಟ್ಟರು, ಅದಂತೂ ಅವರ ಸಂಸಾರದ ಚರಿತ್ರೆಯಲ್ಲಿ ಇಲ್ಲದ್ದು.

ನೀನೋ ಹೋದಳು. ಮಾವನ ಮಾತನ್ನೂ ಅಮ್ಮನ ಮಾತನ್ನೂ ಮೀರಿ, ಬೇಸಿಗೆ ಶುರುವಾಗುವ ಮುಂಚೆ. ಏರ್‌ಪೋರ್ಟಿಗೆ ಹೊರಡುವಾಗ ಅತ್ತೆ ಚಟ್ನಿಪುಡಿ ಕಟ್ಟಿಕೊಟ್ಟರು, ಮಾವ ಜಾಗ್ರತೆಯ ಬಗ್ಗೆ ದೀರ್ಘವಾಗಿ ಮಾತಾಡಿದರು, ಡ್ರೈವರು ಚಲೋ ಜೀ ಚಲೋ ಅನ್ನುತ್ತಲೇ ಇದ್ದ. ಈಗ ಅವಳು ತನ್ನ ಊರಿನಲ್ಲಿ ಮಕ್ಕಳಿಗೆ ಹಿಂದಿ ಕಲಿಸುತ್ತಾಳೆ. ಅವಳ ಅಣ್ಣ ಸೈನ್ಯ ಬಿಟ್ಟು ಮದುವೆಯಾಗಿದ್ದಾನೆ. ಅಜ್ಜಿ ತೀರಿಕೊಂಡರು, ತಂತಿಯಾಚೆಯ ತಂಗಿಗೆ ಅದು ಬಹಳ ದಿನಗಳ ನಂತರ ತಿಳಿಯಿತಂತೆ. ದೇಶ ಇನ್ನೂ ಕೂಟದ ಬಾಗಿಲಲ್ಲೇ ಇದೆ. ಹೊರಗೆ ನಿಂತವರು ಕೂಡ ಒಳಗೆ ಹೋಗಬೇಕೋ ಬೇಡವೋ ಎಂದು ಈಗ ತಮ್ಮತಮ್ಮಲ್ಲೇ ಬಡಿದಾಡುತ್ತಿದ್ದಾರೆ ಎಂದು ಹೋದ ತಿಂಗಳು ಅವಳೇ ಫೋನಿನಲ್ಲಿ ಹೇಳಿದಳು. ಅವಳ ದನಿಯಲ್ಲಿ ಮೊದಲಿನ ನಗು ಇರಲಿಲ್ಲ. ಪೀತಮ್‌ಪುರದಲ್ಲಿ ಮಾವ ಈಗಲೂ ಪೇಪರು ತೆಗೆದರೆ ಮೊದಲು ನೋಡುವುದು ಆ ಕಡೆಯ ಸುದ್ದಿ. ತಮ್ಮ ಅಭಿಪ್ರಾಯ ಮಾತ್ರ ಬದಲಾಯಿಸಿಲ್ಲ.

ಬಾಲ್ಕನಿಯ ಬಿಸಿಲು ಇಳಿಯುತ್ತ ಬಂತು. ನಾಳೆಯ ಪಾಠದ ಕೊನೆಗೆ ಏನು ಹೇಳಲಿ ಎಂದು ಯೋಚಿಸುತ್ತ ಕೂತೆ. ಸೇರಿಸಿಕೊಳ್ಳುವ ಮನಸ್ಸಿದ್ದರೆ ಬೇಗ ಸೇರಿಸಿಕೊಳ್ಳಬೇಕು, ಬಂದು ನಿಲ್ಲುವ ಧೈರ್ಯವಿಲ್ಲದಿದ್ದರೆ ಇಲ್ಲ ಎಂದು ಮುಖಕ್ಕೆ ಹೇಳಬೇಕು, ಮುಂದೆ ನೋಡೋಣ ಎಂದು ಆಸೆ ತೋರಿಸಿ ಹಗೆಯವನ ಕಣ್ಣೆದುರು ನಿಲ್ಲಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಹೀಗೆ ಅನ್ನಿಸಿತು. ಇನ್ನೂ ಮುಂದೆ ಹೋಗಿ, ನನ್ನನ್ನು ಕೇಳಿದರೆ ಸೇರಿಸಿಕೊಳ್ಳಬೇಕು ಅನ್ನಿಸಿತು. ನಾಳೆ ಹುಡುಗರ ಮುಂದೆ ಹೇಳುವ ಮೊದಲು ಒಮ್ಮೆ ಪರೀಕ್ಷೆ ಆಗಲಿ ಎಂದು ಪೀತಮ್‌ಪುರಕ್ಕೆ ಫೋನು ಮಾಡಿದೆ.

ಮಾವ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಶುರು ಮಾಡಿದರು. ದೊಡ್ಡ ದೇಶದ ಭಯವೆಂದರೇನು, ಖಾಲಿ ಜಾಗ ಯಾಕೆ ಬೇಕು, ಇಂದಿನ ಹುಡುಗಿಯರಿಗೆ ತಾಳ್ಮೆ ಯಾಕಿಲ್ಲ. ಹಿಂದಿನಿಂದ ಅತ್ತೆ ಅವಳಿಗೂ ಮಾತಾಡಲು ಬಿಡಿ ಅನ್ನುವುದು ಕೇಳಿಸಿತು. ಇಷ್ಟು ವರ್ಷ ಈ ಘಟ್ಟದಲ್ಲಿ ನಾನು ಹೌದು ಮಾವ, ಅದೂ ಇದೆ, ಇದೂ ಇದೆ ಅನ್ನುತ್ತಿದ್ದೆ.

"ಇಲ್ಲ ಮಾವ," ಅಂದೆ. "ನೀವು ಹೇಳುವುದು ತಪ್ಪು."

ಆ ಕಡೆ ಕುರ್ಚಿ ಎಳೆದುಕೊಂಡು ಕೂತದ್ದು ಕೇಳಿಸಿತು. "ಹೂಂ, ಹೇಳವಾ," ಅಂದರು ಮಾವ. "ಯಾಕ ತಪ್ಪು?"