ಮೂಳೆ ಮೆತ್ತಗಾಗುವವರೆಗೆ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ನೆಲಮಾಳಿಗೆಯ ಪ್ರಯೋಗಾಲಯದಲ್ಲಿ ಒಂದೇ ದೀಪ ಉರಿಯುತ್ತಿದೆ. ಐವತ್ತು ದಾಟಿದ ಹೆಂಗಸೊಬ್ಬರು ಬೆಂಕಿಕಡ್ಡಿಯ ಅರ್ಧದಷ್ಟಿರುವ ಮೂಳೆಯ ಚೂರನ್ನು ಇಕ್ಕಳದಲ್ಲಿ ಎತ್ತಿ, ಮೆಲ್ಲಗೆ ಬಾಗಿಸಿ ನೋಡುತ್ತಾರೆ. ಬಾಗುವುದಿಲ್ಲ. "ಇನ್ನೂ ಹಟ ಬಿಟ್ಟಿಲ್ಲ" ಎನ್ನುತ್ತ ಮೂಳೆಯ ಸುಣ್ಣದಂಶವನ್ನು ನಿಧಾನವಾಗಿ ಕರಗಿಸುವ ದ್ರಾವಣಕ್ಕೆ ಮತ್ತೆ ಬಿಡುತ್ತಾರೆ.

ಇಲ್ಲಿ ಎಲ್ಲರಿಗೂ ಅವರು ‘ಅಕ್ಕ’. ರೋಗಿಗಳ ಅಂಗಾಂಶವನ್ನು ಮೇಣದಲ್ಲಿ ಕೂರಿಸಿ, ಕೂದಲಿಗಿಂತ ಎಷ್ಟೋ ತೆಳುವಾಗಿ ಕೊಯ್ದು, ಗಾಜಿನ ಮೇಲೆ ಹರಡಿ ಬಣ್ಣ ಹಾಕುವುದು ಇಪ್ಪತ್ತೆರಡು ವರ್ಷಗಳ ಕೆಲಸ. ದಿನಕ್ಕೆ ಅರವತ್ತು ತುಂಡು. ವರದಿಯಲ್ಲಿ ಸಹಿ ಮಾತ್ರ ವೈದ್ಯರದು.

ಈ ಚೂರು ನಿವೃತ್ತ ಬಸ್ ಚಾಲಕರೊಬ್ಬರದು. ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹಬ್ಬಿದೆ. ಹಾರ್ಮೋನ್ ತಡೆಯುವ ಮದ್ದು ನಾಟುತ್ತಿಲ್ಲ. ಜೀವಕೋಶದೊಳಗೆ ‘ಬೆಳೆ’ ಎಂಬ ಸಂದೇಶ ಸಾಗುವ ದಾರಿಗೆ ಕಡಿವಾಣ ಹಾಕುವ ಪ್ರೋಟೀನೊಂದಿದೆ. ಗಡ್ಡೆಯಲ್ಲಿ ಅದು ಉಳಿದಿದ್ದರೆ ಕಂದು ಬಣ್ಣ ಹಿಡಿಯುತ್ತದೆ, ಇಲ್ಲದಿದ್ದರೆ ಇಲ್ಲ. ಅದು ಇಲ್ಲದಿದ್ದರೆ ಮಾತ್ರ ಹೊಸ ಔಷಧ ಕೊಡಬಹುದು. ಮತ್ತೊಮ್ಮೆ ಸೂಜಿ ಚುಚ್ಚಿಸಿಕೊಳ್ಳುವ ತ್ರಾಣ ರೋಗಿಗಿಲ್ಲ. ಇರುವುದು ಇದೊಂದೇ ಚೂರು.

ಒಂಬತ್ತಕ್ಕೆ ಕಿರಿಯ ವೈದ್ಯ ಇಳಿದು ಬರುತ್ತಾರೆ. "ಅಕ್ಕಾ, ಆಸಿಡ್‌ಗೆ ಹಾಕಿದ್ರೆ ಸಂಜೆಗೇ ಮೆತ್ತಗಾಗತ್ತಲ್ವಾ? ಅವರ ಮಗಳು ದಿನಕ್ಕೆ ನಾಲ್ಕು ಸಲ ಫೋನ್ ಮಾಡ್ತಾರೆ."

"ಅಷ್ಟು ಅವಸರ ಇದ್ರೆ ಖಾಲಿ ಗಾಜು ಈಗ್ಲೇ ಕೊಡ್ತೀನಿ, ಓದ್ಕೊಳ್ಳಿ ಡಾಕ್ಟ್ರೆ."

ವೈದ್ಯರು ನಗುತ್ತಾರೆ. ಅಕ್ಕ ನಗುವುದಿಲ್ಲ.

"ಒಂದ್ಸಲ ನಾನೂ ಆಸಿಡ್ ಹಾಕಿದ್ದೆ" ಎಂದು ಆಮೇಲೆ, ಅವರ ಕೆಲಸದ ಬಗ್ಗೆ ಬರೆಯಲು ಬಂದಿರುವ ನನಗೆ ಹೇಳುತ್ತಾರೆ. "ಪ್ರೋಟೀನೇ ಹಾಳಾಯ್ತು, ಬಣ್ಣ ಬರ್ಲಿಲ್ಲ. ಗಡ್ಡೆಯಲ್ಲಿ ಅದು ಇಲ್ಲ ಅಂತ ಬರೆದ್ರು. ಪಕ್ಕದ ಒಳ್ಳೇ ಕೋಶಕ್ಕೂ ಬಣ್ಣ ಬಂದಿರ್ಲಿಲ್ಲ, ಅದಕ್ಕೆ ಯಾವಾಗ್ಲೂ ಬರ್ಲೇಬೇಕು. ನನ್ನ ಕಣ್ಣಿಗೆ ಬಿದ್ದಿದ್ದು ಎರಡು ದಿನ ಆದ್ಮೇಲೆ. ನಾನೇ ಹೋಗಿ ಹೇಳ್ದೆ. ಚೆನ್ನಾಗಿ ಬೈಸ್ಕೊಂಡೆ."

ಮಧ್ಯಾಹ್ನ ಮಗಳ ಫೋನನ್ನು ಅಕ್ಕನೇ ಎತ್ತಿಕೊಳ್ಳುತ್ತಾರೆ. "ನೋಡಮ್ಮಾ, ತಡ ಆಗ್ತಿರೋದು ನನ್ನಿಂದ. ಡಾಕ್ಟ್ರನ್ನ ಬೈಬೇಡಿ. ಇನ್ನು ಮೂರು ದಿನ ಕೊಡಿ."

ಆ ಕಡೆಯಿಂದ ಮಗಳು: "ಅಪ್ಪನ ಬಸ್ಸಿನ ಹಿಂದೇನೇ ಬರೆದಿತ್ತು, ಅವಸರವೇ ಅಪಘಾತಕ್ಕೆ ಕಾರಣ ಅಂತ. ಆಯ್ತಮ್ಮಾ, ಕಾಯ್ತೀವಿ."

ಎರಡನೆಯ ಬೆಳಗ್ಗೆ ಚೂರು ಬಾಗುತ್ತದೆ. ಮರುದಿನ ಸಂಜೆ ಗಾಜು ಸೂಕ್ಷ್ಮದರ್ಶಕದ ಕೆಳಗಿದೆ. ಗಡ್ಡೆಯ ಕೋಶಗಳು ಬಣ್ಣ ಹಿಡಿಯದೆ ಬಿಳಚಿಕೊಂಡಿವೆ. ಅವುಗಳ ನಡುನಡುವೆ ಆರೋಗ್ಯವಂತ ಕೋಶಗಳು ದಟ್ಟ ಕಂದು.

"ಗಡ್ಡೆಯಲ್ಲಿ ಪ್ರೋಟೀನ್ ಇಲ್ಲ ಅಕ್ಕಾ. ಹೊಸ ಮದ್ದು ಶುರು ಮಾಡಬಹುದು" ಎನ್ನುತ್ತಾರೆ ವೈದ್ಯರು, ಆಗಲೇ ಮಗಳ ನಂಬರು ಹುಡುಕುತ್ತ.

ಅಕ್ಕ ಕೈ ತೊಳೆದುಕೊಳ್ಳುತ್ತಿದ್ದಾರೆ. "ನನ್ನ ಆಸೆ ಇಷ್ಟೇ. ನನ್ನ ಗಾಜು ‘ಇಲ್ಲ’ ಅಂದ್ರೆ, ಅದು ನಿಜವಾಗ್ಲೂ ಇಲ್ದೇ ಇರ್ಬೇಕು."