ಅರೆಬೆಳಕಿನ ತೊಟ್ಟಿಗೆ ಕೆಂಪು ಗಿಡ

ಬೆಟಗೇರಿಯ ನಮ್ಮ ಹೆಣ್ಣುಮಕ್ಕಳ ಶಾಲೆಯ ಕಮಿಟಿಗೆ ಹತ್ತಿಯ ಸಾಹುಕಾರರೊಬ್ಬರು ಅಧ್ಯಕ್ಷರಾಗಿದ್ದರು. ರಾಜ್ಯ ಒಂದಾಗಲಿದ್ದ ವರ್ಷ ಅವರು ಏಕೀಕರಣದ ಕೆಲಸವಿದೆಯೆಂದು ಹೇಳಿ ಮುಂಬಯಿಗೆ ಹೋದರು. ಅಲ್ಲಿ ಹತ್ತಿಯ ಕೆಲಸ ಮುಗಿಸಿಕೊಂಡು, ಬರುವಾಗ ಕಬ್ಬಿಣದ ಚೌಕಟ್ಟಿನ ಗಾಜಿನ ತೊಟ್ಟಿಯೊಂದನ್ನೂ ಡಬ್ಬಿಯಲ್ಲಿ ಐದು ಹೊಂಬಣ್ಣದ ಮೀನುಗಳನ್ನೂ ತಂದರು. ರೈಲಿನಿಂದ ಇಳಿಯುವಾಗ ನಾಲ್ಕು ಮೀನು ಜೀವಂತವಾಗಿದ್ದವು.

ನಾನಾಗ ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿ ಬಂದ ಹೊಸ ಅಕ್ಕೋರು. ನಿಸರ್ಗ ವಿಜ್ಞಾನದ ಪಾಠ ನನ್ನದಾಗಿದ್ದರಿಂದ ಮೀನು ಕೂಡ ನನ್ನ ಪಾಲಿಗೇ ಬಂದವು. ಸಾಹುಕಾರರು ಸಭಾಗೃಹದ ಒಳಗೋಡೆಗೆ ಹೊಂದಿಸಿ, ತಮ್ಮ ಕುರ್ಚಿಯಿಂದ ಸರಿಯಾಗಿ ಕಾಣುವ ಜಾಗದಲ್ಲಿ ತೊಟ್ಟಿಯನ್ನು ಇಡಿಸಿದರು. ಅಲ್ಲಿಗೆ ಬೆಳಕು ಬರುತ್ತಿದ್ದುದು ಒಂದೇ ಕಿಟಕಿಯಿಂದ. ಆ ಕಿಟಕಿಗೂ ಹೊರಗೆ ಬೇವಿನ ಮರ ಅಡ್ಡ ಇತ್ತು. ಕತ್ತಲೆಯೇನಲ್ಲ, ಆದರೆ ಬಿಸಿಲೆಂಬುದು ಆ ಮೂಲೆಯನ್ನು ಎಂದೂ ಮುಟ್ಟಿರಲಿಲ್ಲ.

“ಅಕ್ಕೋರ, ಇದರಾಗ ಕೆಂಪ ಗಿಡಾನ ಬೇಕ್ರಿ,” ಎಂದರು. “ಮುಂಬೈದಾಗ ಒಬ್ಬ ಸೇಠರ ಮನ್ಯಾಗ ನೋಡೀನಿ. ರಗತದಂಗ ಕೆಂಪ. ಹಸರ ಗಿಡ ಏನ್ರಿ, ದನಾನೂ ನೋಡತಾವು.”

ಉದ್ಘಾಟನೆ ಯಾವಾಗ ಎಂದು ಕೇಳಿದೆ. ರಾಜ್ಯ ಒಂದಾದ ಮರುದಿನವೇ ದೊಡ್ಡ ಅಧಿಕಾರಿಯೊಬ್ಬರು ಶಾಲೆಗೆ ಬರುವವರಿದ್ದರು. ಕನ್ನಡಿಗರ ನೂರಾರು ವರ್ಷದ ಕನಸು ಕೈಗೂಡುವ ಹೊತ್ತಿಗೆ ಗಿಡವೂ ಕೆಂಪಾಗಿರಬೇಕು ಎಂಬುದು ಅಪ್ಪಣೆ. ಮೂರು ತಿಂಗಳು ಸಮಯವಿತ್ತು.

ಮೊದಲು ಕಮಿಟಿಯ ಸಭೆ ಸೇರಿತು. ಕಮಿಟಿಯೆಂದರೆ ಸಾಹುಕಾರರು, ಒಬ್ಬ ವಕೀಲರು, ಮತ್ತು ಎಲ್ಲದಕ್ಕೂ “ಹೌದ್ರಿ” ಎನ್ನುತ್ತಿದ್ದ ಒಬ್ಬ ನಿವೃತ್ತ ಮಾಸ್ತರರು. ಪೇಟೆಯಲ್ಲಿ ಸಿಗುವ ಕೆಂಪು ರಾಜಗಿರಿ ಪಲ್ಲೆಯ ಗಿಡವನ್ನೇ ನೆಡಬಹುದೆಂದು ವಕೀಲರು ಸೂಚಿಸಿದರು.

“ಅದು ಹೊಲದ ಗಿಡಾ ರೀ. ನೀರೊಳಗ ಮುಳುಗಿಸಿದ್ರ ಕೊಳಿತೈತಿ,” ಎಂದೆ.

ವಕೀಲರು ಕನ್ನಡಕ ಸರಿಮಾಡಿಕೊಂಡರು. “ನೀರ ಹಾಕದ ರಾಜಗಿರಿ ಬೆಳಿತೈತೇನ್ರಿ?”

“ಇಲ್ರಿ.”

“ಹಂಗಾರ ಅದಕ್ಕ ನೀರ ಬೇಕು. ನಾವು ನೀರ ಕೊಡಾಕತ್ತೀವಿ. ನಿಮ್ಮ ತಕರಾರ ಏನು?”

ಮಾಸ್ತರರು ಹೌದೆಂದರು. ಮೂರು ಮತಗಳಿಂದ ರಾಜಗಿರಿ ಜಲಸಸ್ಯವಾಯಿತು. ನಾಲ್ಕೇ ದಿನದಲ್ಲಿ ಅದು ತನ್ನ ಕೆಂಪನ್ನೆಲ್ಲ ನೀರಿಗೆ ಬಿಟ್ಟು, ಎಲೆ ಲೋಳೆಯಾಗಿ, ಇಡೀ ಸಭಾಗೃಹ ನಾರತೊಡಗಿತು. ಒಂದು ಮೀನು ಹೊಟ್ಟೆ ಮೇಲೆ ಮಾಡಿ ತೇಲಿತು. ಸಾಹುಕಾರರು ಆ ಕಡೆ ಬರುವುದನ್ನು ಎರಡು ವಾರ ಬಿಟ್ಟರು. ನೀರು ಬದಲಿಸಿದವಳು ನಾನು ಮತ್ತು ಗಂಟೆಯವ್ವ.

ಗಂಟೆಯವ್ವನೆಂದರೆ ಶಾಲೆಯ ಗಂಟೆ ಬಾರಿಸಿ, ಕಸ ಗುಡಿಸಿ, ಕುಡಿಯುವ ನೀರಿನ ಹೌದು ತುಂಬಿಸುತ್ತಿದ್ದ ಹೆಂಗಸು. ಶಿರಹಟ್ಟಿಯ ಕಡೆಯ ಒಂದು ಹಳ್ಳಿಯವಳು. ವಯಸ್ಸು ಐವತ್ತರ ಮೇಲೆ. ಗಂಟೆಗೂ ಅವಳಿಗೂ ಒಂದೇ ಹೆಸರಾಗಿ ಬಹಳ ವರ್ಷವಾಗಿತ್ತು.

ಇನ್ನು ನನ್ನ ಸರದಿ. ಕಮಿಟಿಯವರ ದಡ್ಡತನವನ್ನು ಮನಸ್ಸಿನಲ್ಲೇ ಎಣಿಸುತ್ತ, ಒಂದು ರವಿವಾರ ಅಂತೂರ ಬೆಂತೂರಿನಲ್ಲಿದ್ದ ಗೆಳತಿಯ ಮನೆಗೆ ಹೋದೆ. ಅವರ ಬಾವಿಯ ನೀರು ಹರಿಯುವ ಕಾಲುವೆಯ ಅಂಚಿಗೆ ಹೊನಗೊನ್ನೆ ಹಬ್ಬಿತ್ತು. ಕಾಂಡ ಕೆಂಪು, ಎಲೆ ಕೆಂಪು, ಅರ್ಧ ನೀರಿನಲ್ಲಿ ಅರ್ಧ ಹೊರಗೆ. ಇದು ನೀರಿನಲ್ಲಿ ಬದುಕುತ್ತದೆಂದು ಓದಿದ್ದೆ. ಗೆಳತಿಯ ಅತ್ತೆ ಅದನ್ನು ಪಲ್ಲೆ ಮಾಡಲು ಒಯ್ಯುತ್ತೇನೆಂದು ತಿಳಿದು ಬೇಳೆಯನ್ನೂ ಕಟ್ಟಿಕೊಟ್ಟರು. ನಾನು ಟ್ರೇನಿಂಗ್ ಕಾಲೇಜಿನ ಗತ್ತಿನಲ್ಲಿ ಅದನ್ನು ಮರಳಿನಲ್ಲಿ ನೆಟ್ಟು, ಎಲ್ಲ ತರಗತಿಯವರನ್ನೂ ಕರೆದು ತೋರಿಸಿ, ಅರ್ಧ ತಾಸು ಪಾಠ ಮಾಡಿದೆ.

ಗಿಡ ಕೊಳೆಯಲಿಲ್ಲ. ಚೆನ್ನಾಗಿಯೇ ಬೆಳೆಯಿತು. ಆದರೆ ಹೊಸ ಎಲೆ ಒಂದೊಂದೂ ಹಸಿರಾಗಿ ಬಂತು. ಹಳೆಯ ಕೆಂಪು ಎಲೆಗಳು ಉದುರಿದ ಮೇಲೆ ಉಳಿದದ್ದು, ಸಾಹುಕಾರರ ಮಾತಿನಲ್ಲಿ ಹೇಳುವುದಾದರೆ, ದನ ನೋಡುವ ಗಿಡ.

“ನಿಮ್ಮ ಸಾಯನ್ಸ ಏನಂತೈತಿ ಅಕ್ಕೋರ?” ಎಂದು ವಕೀಲರು ಕೇಳಿದರು. ರಾಜಗಿರಿಯನ್ನು ಅವರು ಪೂರಾ ಮರೆತುಬಿಟ್ಟಿದ್ದರು. ನಾನು ತೋಳೇರಿಸಿ ಉದುರಿದ ಎಲೆಗಳನ್ನು ನೀರಿನಿಂದ ಹೆಕ್ಕತೊಡಗಿದೆ.

ವಕೀಲರು ತಾವೇ ಒಂದು ಉಪಾಯ ಮಾಡಿದರು. ಗಿಡ ಕೆಂಪಾಗದಿದ್ದರೆ ಬೆಳಕನ್ನೇ ಕೆಂಪು ಮಾಡೋಣವೆಂದು ಕಿಟಕಿಗೆ ಕೆಂಪು ಜಿಲೇಟಿನ ಹಾಳೆ ಅಂಟಿಸಿದರು. ಆ ವಾರವೇ ತಪಾಸಣೆಗೆ ಬಂದ ಇನ್‌ಸ್ಪೆಕ್ಟರು ಒಳಗೆ ಕಾಲಿಟ್ಟವರು, ಕೆಂಪುಕೆಂಪಾಗಿ ಕೂತ ನಲವತ್ತು ಹುಡುಗಿಯರನ್ನು ನೋಡಿ, “ಎಲ್ಲಾರಿಗೂ ಗೊಬ್ಬರ ಬಂದೈತೇನ್ರಿ?” ಎಂದು ಬಾಗಿಲಲ್ಲೇ ನಿಂತರು. ಗೊಬ್ಬರವೆಂದರೆ ನಮ್ಮ ಕಡೆ ದಡಾರ. ಹಾಳೆಯನ್ನು ಅಂದೇ ಕಿತ್ತೆವು.

ಆ ಸಂಜೆ ಅಂಟು ತಿಕ್ಕುತ್ತ ಕೂತಿದ್ದ ಗಂಟೆಯವ್ವ ಕೇಳಿದಳು: “ಆ ಹೊನಗೊನ್ನಿ ಎಲ್ಲಿ ಬೆಳದಿತ್ರಿ ಅಕ್ಕೋರ? ಬಿಸಲಾಗೋ, ನೆಳ್ಳಾಗೋ?”

“ಬಿಸಲಾಗ.”

“ಅದಕs ಮತ್ತ. ಬಿಸಲಿಗೆ ಕೆಂಪಾಗಿದ್ದು ನೆಳ್ಳಾಗ ಬಣ್ಣ ಬಿಡತೈತಿ. ನನ್ನ ಮಾರಿ ನೋಡ್ರಿ, ಹೊಲಾ ಬಿಟ್ಟ ಮ್ಯಾಲೆ ಎಷ್ಟ ಬೆಳ್ಳಗಾತು. ನೆಳ್ಳಾಗs ಹುಟ್ಟಿ ನೆಳ್ಳಾಗs ಕೆಂಪಿದ್ದದ್ದ ತರ್ರಿ.”

ಎರಡು ವರ್ಷ ಟ್ರೇನಿಂಗ್ ಪಡೆದ ನನಗೆ ಇದು ಹೊಳೆದಿರಲಿಲ್ಲ. ಅಂಥದು ಎಲ್ಲಿ ಸಿಗುತ್ತದೆಂದು ಕೇಳಿದೆ. ಲಕ್ಷ್ಮೇಶ್ವರದ ಹೊರಗಿನ ಒಂದು ಕೆರೆಯಲ್ಲಿ, ನೀರಿಗಿಳಿಯುವ ಪಾವಟಿಗೆಯ ಮೆಟ್ಟಿಲುಗಳ ನೆರಳಿನಲ್ಲಿ, ನೀರಿನ ಅಡಿಗೇ ಉಳಿಯುವ ಕೆಂಪೆಲೆಯನ್ನು ಸಣ್ಣವಳಿದ್ದಾಗ ನೋಡಿದ್ದಾಗಿ ಹೇಳಿದಳು. ಮುಂದಿನ ರವಿವಾರ ಇಬ್ಬರೂ ಬಸ್ಸು ಹತ್ತಿದೆವು. ಮುಳಗುಂದದಲ್ಲಿ ಬಸ್ಸು ಕೆಟ್ಟು ಎರಡು ತಾಸು ನಿಂತಿತು. ಗಂಟೆಯವ್ವ ತಂದಿದ್ದ ರೊಟ್ಟಿ, ಪುಂಡಿಪಲ್ಲೆ ಅಲ್ಲೇ ಮುಗಿದವು.

ಕೆರೆಯ ಕಾವಲುಗಾರ ಕಟ್ಟೆಯ ಮೇಲೆ ಕೂತಿದ್ದ. ಒಂದು ಗಿಡ ಕಿತ್ತುಕೊಳ್ಳಲೇ ಎಂದು ಕೇಳಿದ್ದಕ್ಕೆ ಅವನು ಚಿಂತೆಗೆ ಬಿದ್ದ.

“ನಾ ಸಣ್ಣಾವಿದ್ದಾಗ ಇದು ರಾಜರ ಕೆರಿ ಇತ್ರಿ. ಆಮ್ಯಾಲೆ ಮುಂಬೈ ಸರಕಾರದ್ದು ಅಂದ್ರು. ಬರೋ ತಿಂಗಳ ಮೈಸೂರಿನವರದಂತ. ಈಗ ಯಾರ್ನ ಕೇಳಿ ಹೂಂ ಅನ್ಲಿ?”

“ನೀ ಯಾರ್ನೂ ಕೇಳಬ್ಯಾಡ. ಆ ಕಡೆ ಮಾರಿ ಮಾಡಿ ಕುಂಡ್ರು,” ಎಂದಳು ಗಂಟೆಯವ್ವ. ಮೂರು ಸರ್ಕಾರಗಳಿಗೂ ನಿಷ್ಠನಾಗಿದ್ದ ಆ ಮನುಷ್ಯ ಹಾಗೆಯೇ ಮಾಡಿದ.

ಅವಳು ಸೀರೆ ಎತ್ತಿಕಟ್ಟಿ ಮೊಣಕಾಲುದ್ದ ನೀರಿಗೆ ಇಳಿದಳು. ಕೊನೆಯ ಮೆಟ್ಟಿಲ ಮರೆಯಲ್ಲಿ, ಬಿಸಿಲು ಬೀಳದ ಕಡೆ, ಕೆಸರಿನಿಂದ ಎಳೆಯ ನೈದಿಲೆಗಳು ಎದ್ದಿದ್ದವು. ಇನ್ನೂ ಮೇಲಕ್ಕೆ ಬಾರದ, ನೀರಿನೊಳಗೇ ತೆಳ್ಳಗೆ ಅಲುಗುವ ಎಲೆಗಳು. ಬಣ್ಣ ಹಣ್ಣು ಹುಣಸೆಯಂಥ ಕೆಂಪು. ಎರಡು ಗಡ್ಡೆ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದೆವು.

ಮಣ್ಣಿನ ಕುಡಿಕೆಯಲ್ಲಿ ಕೆರೆಯ ಕೆಸರು ತುಂಬಿ, ಮೇಲೆ ಮರಳು ಹರಡಿ ನೆಟ್ಟೆ. ಮೇಲಕ್ಕೆ ಓಡುವ ಉದ್ದ ದೇಟಿನ ಎಲೆಯನ್ನು ಚಿವುಟುತ್ತಿದ್ದರೆ ಅದು ಕೆಳಗೇ ಹರಡುತ್ತದೆಂದು ಮಾಡಿ ನೋಡಿ ಕಲಿತೆ. ಮೂರು ವಾರದಲ್ಲಿ ಏಳು ಹೊಸ ಎಲೆ ಬಂದವು. ಏಳೂ ಕೆಂಪು. ಅವತ್ತು ನಾನು ಗಂಟೆಯವ್ವನ ಕೈ ಹಿಡಿದು ಕುಣಿಯುವುದೊಂದು ಬಾಕಿ.

ಸಾಹುಕಾರರು ಬಂದು ನೋಡಿದರು. “ಇದು ಕೆಂಪೇನ್ರಿ? ಹಳೇ ಇಟ್ಟಂಗಿ ಬಣ್ಣ.”

“ಈ ಬೆಳಕಿಗೆ ಇಷ್ಟs ಕೆಂಪ್ರಿ. ಇದಕ್ಕಿಂತಾ ಕೆಂಪ ಬೇಕಂದ್ರ ಬಿಸಲ ಬೇಕು,” ಎಂದೆ. ಅವರು ಹೂಂಕಾರ ಹಾಕಿ ಹೋದರು.

ಸಮಾರಂಭದ ದಿನ ಬಂದ ಅಧಿಕಾರಿ ಮೈಸೂರು ಕಡೆಯವರು. ತೊಟ್ಟಿಯ ಮುಂದೆ ಬಾಗಿ, “ತುಂಬಾ ಚೆನ್ನಾಗಿದೆ. ಮೂಲೆಯಲ್ಲಿಟ್ಟೂ ಇಷ್ಟು ಕೆಂಪಾಗಿ ಹೇಗೆ ಬೆಳೆಸಿದ್ರಿ?” ಎಂದರು.

ಸಾಹುಕಾರರು ಶಾಲು ಸರಿಮಾಡಿಕೊಂಡರು. “ಬಾಳ ವಿಚಾರ ಮಾಡಿ ಆರಿಸಿದ್ದು ಸಾಹೇಬ್ರ. ಈ ಬೆಳಕಿಗೆ ಇದs ಸರಿ. ಮುಂಬೈದಿಂದ ತರಿಸೀನಿ.”

ನಾನು ಗೋಡೆಗೆ ಒರಗಿ ಸುಮ್ಮನೆ ನಿಂತಿದ್ದೆ. ನಾಲಗೆಯ ತುದಿಗೆ ಮಾತು ಬಂದಿತ್ತು, ನೌಕರಿಯ ನೆನಪೂ ಬಂತು. ಚಹಾದ ತಾಟು ಹಿಡಿದು ಬರುತ್ತಿದ್ದ ಗಂಟೆಯವ್ವ ಮಾತ್ರ ಅಲ್ಲೇ ನಿಂತು ಕೇಳಿಬಿಟ್ಟಳು: “ಲಕ್ಷ್ಮೇಶ್ವರ ಯಾವಾಗ್ರಿ ಮುಂಬೈ ಆತು ಸಾಹುಕಾರ್ರ?”

ಹುಡುಗಿಯರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಧಿಕಾರಿಗೆ ಅವಳ ಮಾತು ಅರ್ಥವಾಗಲಿಲ್ಲ. “ಏನಂದ್ರು?” ಎಂದು ವಕೀಲರನ್ನು ಕೇಳಿದರು.

“ಚಹಾ ತಗೋರಿ ಅಂದ್ಲು,” ಎಂದರು ವಕೀಲರು. ಅಧಿಕಾರಿ ಕಪ್ಪು ತೆಗೆದುಕೊಂಡು ಅವಳಿಗೆ ಕೈಮುಗಿದರು. ಒಂದಾದ ನಾಡಿನ ಮೊದಲ ಸಂಭಾಷಣೆಯನ್ನು ನಾನು ಕೇಳಿದ್ದು ಹೀಗೆ.

ಅವಳನ್ನು ಕೆಲಸದಿಂದ ತೆಗೆಯುವ ಮಾತು ಎದ್ದಿತು. ಅಷ್ಟು ಕೆಲಸವನ್ನು ಒಬ್ಬಳೇ ಮಾಡುವ ಮತ್ತೊಬ್ಬಳು ಸಿಗದೆ ಆ ಮಾತು ತಾನಾಗಿಯೇ ತಣ್ಣಗಾಯಿತು. ನಾನು ಸುಮ್ಮನಿದ್ದುದಕ್ಕೆ ಅವಳು ಒಮ್ಮೆಯೂ ಆಡಿ ತೋರಿಸಲಿಲ್ಲ. ಆಡಿದ್ದರೆ ಹಗುರಾಗುತ್ತಿತ್ತು.

ಅಧಿಕಾರಿ ಮೆಚ್ಚಿದ ವಸ್ತು ಶಾಲೆಯಲ್ಲಿ ಯಾಕೆಂದು ಸಾಹುಕಾರರು ತೊಟ್ಟಿಯನ್ನು ತಮ್ಮ ಮನೆಗೆ ಸಾಗಿಸಿ, ಅಂಗಳದ ಬಿಸಿಲಿಗೆ ಇಡಿಸಿದರು. ತಿಂಗಳೊಪ್ಪತ್ತಿನಲ್ಲಿ ನನಗೆ ಕರೆ ಬಂತು. ಹೋಗಿ ನೋಡಿದರೆ ಗಾಜಿನ ತುಂಬ ಪಾಚಿ, ನೀರು ಹಸಿರು ಗಂಜಿ. ಮೀನು ಎಂದೋ ಹೋಗಿದ್ದವು. ಸಾಹುಕಾರರು ಅದರೆದುರು ಕುರ್ಚಿ ಹಾಕಿಕೊಂಡು ಗಂಭೀರವಾಗಿ ಕೂತಿದ್ದರು.

“ಏನ ತಪ್ಪಾತ್ರಿ ಅಕ್ಕೋರ?” ಎಂದರು. ಇಷ್ಟು ತಿಂಗಳಲ್ಲಿ ಅವರು ನನಗೆ ಕೇಳಿದ ಮೊದಲ ನಿಜವಾದ ಪ್ರಶ್ನೆ ಅದು.

“ಬಿಸಲ ಹೆಚ್ಚಾಗೈತ್ರಿ.”

ಅವರು ಎದ್ದು ತೊಟ್ಟಿಗೆ ಒಂದು ಸುತ್ತು ಹಾಕಿ ನೋಡಿದರು. ಆಮೇಲೆ ಆಳುಗಳನ್ನು ಕರೆದು, ಅಂಗಳದಲ್ಲಿ ಮಧ್ಯಾಹ್ನದ ಮೇಲೆ ನೆರಳು ಬೀಳುತ್ತದೆ, ಅದಕ್ಕೇ ಹೀಗಾಗಿದೆ, ಮಾಳಿಗೆಯ ಮೇಲಕ್ಕೆ ಒಯ್ದು ಇಡಿ ಎಂದು ಹೇಳಿದರು. ನಾನು ಚಹಾ ಮುಗಿಸಿ ಎದ್ದು ಬಂದೆ.